ಯಾರ ಹಿಂದೆ ನಡೆಯುತ್ತಿದ್ದೇವೆ?



ಉಡುಪಿ ಸೀಮೆಯ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಆ ಮನೆಯ ಸೊಸೆ ತಾರಸಿಯ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಸುತ್ತಿದ್ದಾಳೆ. ಶಂಕರಪುರದ ಸುತ್ತಮುತ್ತ ಮಲ್ಲಿಗೆ ಎಷ್ಟೋ ಕುಟುಂಬಗಳಿಗೆ ಆಸರೆಯಾದದ್ದು ನಿಮಗೆ ಗೊತ್ತೇ ಇದೆ. ತನಗೂ ನಾಲ್ಕು ಕಾಸು ಸಿಗಲಿ ಎಂದು ಆಕೆ ಸ್ವಸಹಾಯ ಸಂಘದಿಂದ ಸಾಲ ಪಡೆದು ಕುಂಡ, ಮಣ್ಣು, ಗಿಡ ತಂದಿದ್ದಳು. ಗಿಡಗಳು ಹಸಿರಾಗಿ ಬೆಳೆದಿದ್ದವು, ಆದರೆ ಮೊಗ್ಗು ಮಾತ್ರ ಇಲ್ಲ.

“ಫಾದರ್, ಇನ್‌ಸ್ಟಾಗ್ರಾಮಿನಲ್ಲಿ ಮಲ್ಲಿಗೆ ಬೆಳೆಸುವ ನಲವತ್ತು ಜನರನ್ನು ಫಾಲೋ ಮಾಡುತ್ತೇನೆ. ಅವರು ಹೇಳಿದ ಗೊಬ್ಬರವನ್ನೆಲ್ಲ ಹಾಕಿ ನೋಡಿದೆ” ಎಂದಳು.

ಆ ಹೊತ್ತಿಗೆ ನಾನು ಬಂದದ್ದನ್ನು ಕಂಡು ಪಕ್ಕದ ಮನೆಯ ಹಿರಿಯ ಬಾಯಮ್ಮ ಬಂದರು. ಅವರು ಜೀವಮಾನವಿಡೀ ಮಲ್ಲಿಗೆ ಕಟ್ಟಿದವರು. ಆದರೆ ಆವರಣ ಗೋಡೆಯ ವಿಷಯದಲ್ಲಿ ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿತ್ತು. ತಾರಸಿಗೆ ಹತ್ತಿ ಒಮ್ಮೆ ಸುತ್ತಲೂ ನೋಡಿ ಅವರು ಹೇಳಿದರು: “ಮಗಳೇ, ಗೊಬ್ಬರದ ದೋಷ ಅಲ್ಲ. ನೀರಿನ ಟ್ಯಾಂಕಿಯ ನೆರಳು ಬೀಳುತ್ತದೆ ನೋಡು. ಮಲ್ಲಿಗೆಗೆ ಬಿಸಿಲು ಬೇಕು. ಕುಂಡಗಳನ್ನು ಆಚೆ ಬದಿಗೆ ಸರಿಸು.”

ಆ ನಲವತ್ತು ಜನರು ತಪ್ಪು ಹೇಳಿರಲಿಲ್ಲ. ಅವರಿಗೆ ಆ ಟ್ಯಾಂಕಿ ಕಾಣಿಸುತ್ತಿರಲಿಲ್ಲ, ಅಷ್ಟೇ.

ಮನೆಗೆ ಮರಳುವಾಗ ಒಂದು ಪ್ರಶ್ನೆ ನನ್ನನ್ನು ಕಾಡಿತು. ನಮ್ಮ ಅಭಿರುಚಿಗೆ ಹೊಂದುವವರನ್ನೇ ಆರಿಸಿಕೊಂಡು ಹಿಂಬಾಲಿಸುವುದು ಸರಿಯೇ? ಅದರಲ್ಲಿ ನೈತಿಕ ಪ್ರಶ್ನೆ ಏನಾದರೂ ಇದೆಯೇ?

ಮೊದಲು ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಸಮಾನ ಆಸಕ್ತಿ ಕೆಟ್ಟದ್ದಲ್ಲ. ಊರಿನಲ್ಲಿ ತನ್ನಂಥ ಇನ್ನೊಬ್ಬರು ಸಿಗದೆ ಒಂಟಿಯಾಗಿದ್ದ ಹುಡುಗನಿಗೆ ಹಳೆಯ ನಾಣ್ಯಗಳ ಬಗ್ಗೆಯೋ, ನಕ್ಷತ್ರಗಳ ಬಗ್ಗೆಯೋ ಮಾತನಾಡಬಲ್ಲವರು ಈ ಜಾಲತಾಣಗಳಲ್ಲಿ ಸಿಕ್ಕಿದ್ದಾರೆ. ಗಲ್ಫ್ ದೇಶದಲ್ಲಿ ದುಡಿಯುವ ನಮ್ಮವರಿಗೆ ಊರಿನ ಅಡುಗೆ, ಊರಿನ ಹಾಡು ಅಲ್ಲಿಯೇ ಸಿಗುತ್ತವೆ. ಇದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ ಗೆಳೆತನಕ್ಕೂ ಹಿಂಬಾಲಿಸುವುದಕ್ಕೂ ವ್ಯತ್ಯಾಸವಿದೆ. ಸುಮಾರು 2,300 ವರ್ಷಗಳ ಹಿಂದೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡನ್ನು, ಅಂದರೆ ಎಂಟನೆಯ ಮತ್ತು ಒಂಬತ್ತನೆಯ ಭಾಗಗಳನ್ನು, ಗೆಳೆತನಕ್ಕೇ ಮೀಸಲಿಟ್ಟ. ಸಮಾನರು ಸಮಾನರನ್ನೇ ಬಯಸುತ್ತಾರೋ ಎಂಬ ಪ್ರಶ್ನೆಯನ್ನು ಅವನೂ ಎತ್ತಿಕೊಂಡಿದ್ದ. ಲಾಭಕ್ಕಾಗಿ, ಸಂತೋಷಕ್ಕಾಗಿ, ಸದ್ಗುಣಕ್ಕಾಗಿ ಎಂದು ಗೆಳೆತನವನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೊದಲ ಎರಡು ಬಗೆಯವು ಲಾಭವೋ ಸಂತೋಷವೋ ಮುಗಿದೊಡನೆ ಕಳಚಿಕೊಳ್ಳುತ್ತವೆ ಎಂದ. ಇನ್ನೂ ಮುಖ್ಯವಾದ ಮಾತೊಂದನ್ನು ಹೇಳಿದ: ನಾವು ಎಂದೂ ಕಾಣದವರ ಬಗ್ಗೆಯೂ ನಮಗೆ ಸದ್ಭಾವ ಇರಬಹುದು, ಆದರೆ ಆ ಸದ್ಭಾವ ಪರಸ್ಪರವಾಗಿದ್ದು, ಇಬ್ಬರಿಗೂ ತಿಳಿದಿದ್ದರೆ ಮಾತ್ರ ಅದು ಗೆಳೆತನ.

2006ರಲ್ಲಿ ಆರಂಭವಾದ ಟ್ವಿಟ್ಟರ್, 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವು. ನಾನು ನಿಮ್ಮನ್ನು ಹಿಂಬಾಲಿಸಿದರೆ ನೀವು ನನ್ನನ್ನು ಹಿಂಬಾಲಿಸಬೇಕೆಂದಿಲ್ಲ. ನಾನು ನಿಮ್ಮನ್ನು ದಿನವೂ ನೋಡುತ್ತೇನೆ, ನಾನು ಬದುಕಿದ್ದೇನೆಂಬುದೂ ನಿಮಗೆ ಗೊತ್ತಿರುವುದಿಲ್ಲ. ಇದಕ್ಕೆ ಇನ್ನೊಂದು ಸೇರಿತು. 2016ರಿಂದ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಬಂದ ಹೊತ್ತಿನ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು, ನಮಗೆ ಯಾವುದು ಇಷ್ಟವಾಗಬಹುದು ಎಂದು ಲೆಕ್ಕ ಹಾಕಿ ಮುಂದಿಡತೊಡಗಿತು. ಹೀಗೆ ನಮ್ಮ ರುಚಿಯೇ ನಮಗೆ ಮತ್ತೆ ಮತ್ತೆ ಬಡಿಸಲ್ಪಡುತ್ತದೆ. ಬಾವಿಯ ಕಪ್ಪೆಗೆ ಬಾವಿಯೇ ಸಮುದ್ರವಾಗುತ್ತದೆ.

ನಾನೂ ಇದಕ್ಕೆ ಹೊರತಲ್ಲ. ತತ್ವಶಾಸ್ತ್ರದ ಬಗ್ಗೆ ಬರೆಯುವ ಕೆಲವರನ್ನು ನಾನು ಫೇಸ್‌ಬುಕ್ಕಿನಲ್ಲಿ ಓದುತ್ತೇನೆ. ಅವರಲ್ಲಿ ಒಬ್ಬರು ನನ್ನ ಮಾತನ್ನು ಪದೇ ಪದೇ ಪ್ರಶ್ನಿಸುತ್ತಿದ್ದರು. ಒಂದು ರಾತ್ರಿ ಬೇಸತ್ತು ಅವರನ್ನು ಬಿಟ್ಟುಬಿಟ್ಟೆ. ಮರುದಿನದಿಂದ ನೆಮ್ಮದಿ. ತಿಂಗಳು ಕಳೆದ ಮೇಲೆ ಹೊಳೆಯಿತು: ನನ್ನ ಕಣ್ಣಿಗೆ ಬೀಳದ ನೆರಳನ್ನು ತೋರಿಸುತ್ತಿದ್ದವರು ಅವರೊಬ್ಬರೇ.

‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದು ನಮ್ಮ ಹಿರಿಯರು ಎಚ್ಚರಿಸಿದರು. ಸಹವಾಸವು ಕೆಡಿಸುವಂತೆ ತಿದ್ದಲೂ ಬಲ್ಲದು. ಆದರೆ ತಿದ್ದಬೇಕಾದರೆ ನಮ್ಮನ್ನು ಕಂಡಿರಬೇಕು. ಆಸಕ್ತಿ ಒಂದು ಬಾಗಿಲು, ಅದೇ ಮನೆಯಲ್ಲ. ನಿಜವಾದ ಪ್ರಶ್ನೆ ‘ಇವರಿಗೂ ನನಗೂ ಒಂದೇ ಆಸಕ್ತಿಯೇ’ ಎಂಬುದಲ್ಲ, ‘ಇವರ ಹಿಂದೆ ನಡೆದರೆ ನಾನು ಎಂಥವನಾಗುತ್ತೇನೆ’ ಎಂಬುದು.

ಆದ್ದರಿಂದ ವಾಚಕರೇ, ಫೋನನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಈ ವಾರ ಒಂದು ಸಂಜೆ ಮನೆಮಂದಿ ಒಟ್ಟಿಗೆ ಕುಳಿತು, ತಾವು ಹಿಂಬಾಲಿಸುವವರ ಪಟ್ಟಿಯನ್ನು ಒಬ್ಬರಿಗೊಬ್ಬರು ತೋರಿಸಿರಿ. ಅಪ್ಪ ಮಗನದನ್ನು ಮಾತ್ರವಲ್ಲ, ಮಗನೂ ಅಪ್ಪನದನ್ನು ನೋಡಲಿ. ಇವರನ್ನು ಓದಿದ ಮೇಲೆ ನನ್ನ ಸಿಟ್ಟು ಹೆಚ್ಚಿದೆಯೋ, ತಿಳಿವು ಹೆಚ್ಚಿದೆಯೋ? ನನ್ನ ಮಾತಿಗೆ ಒಪ್ಪದ ಒಬ್ಬ ಸಜ್ಜನರಾದರೂ ಇಲ್ಲಿದ್ದಾರೆಯೇ? ಇದೇ ಆಸಕ್ತಿಯುಳ್ಳವರು ನನ್ನ ಬೀದಿಯಲ್ಲಿದ್ದೂ ನಾನು ಕೇಳದೆ ಬಿಟ್ಟಿದ್ದೇನೆಯೇ? ಈ ಮೂರನ್ನು ಕೇಳಿಕೊಳ್ಳಿರಿ.

ಮೊನ್ನೆ ಆ ಸೊಸೆ ಸಿಕ್ಕಿದ್ದಳು. ಕುಂಡಗಳನ್ನು ಸರಿಸಿದ್ದಾಳೆ, ಮೊಗ್ಗು ಕಾಣಿಸಿಕೊಂಡಿದೆ. ಆ ನಲವತ್ತು ಜನರನ್ನು ಈಗಲೂ ಫಾಲೋ ಮಾಡುತ್ತಾಳೆ. ಗೋಡೆಯ ತಕರಾರು ಇನ್ನೂ ಮುಗಿದಿಲ್ಲ. ಆದರೆ ಬಾಳೆನಾರಿನಲ್ಲಿ ಹೂ ಕಟ್ಟುವುದನ್ನು ಕಲಿಯಲು ಸಂಜೆಯ ಹೊತ್ತು ಬಾಯಮ್ಮನ ಜಗಲಿಗೆ ಹೋಗುತ್ತಾಳಂತೆ.