ಕಾರ್ಯವು ಕಾರಣದಲ್ಲಿ ಮೊದಲೇ ಇದೆಯೇ?

ಕಾರ್ಯವು ಹುಟ್ಟುವ ಮುನ್ನವೇ ಕಾರಣದಲ್ಲಿ ಅವ್ಯಕ್ತವಾಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೂ, ಇಲ್ಲದಿದ್ದುದೇ ಹೊಸದಾಗಿ ಆರಂಭವಾಗುತ್ತದೆಂಬ ನ್ಯಾಯ-ವೈಶೇಷಿಕರ ಅಸತ್ಕಾರ್ಯವಾದಕ್ಕೂ ಇರುವ ಹಳೆಯ ವಿವಾದವನ್ನು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆಯ ಯೂಸರ್ ಕಂಟ್ರೋಲ್‌ನಲ್ಲಿ, ಅಂದರೆ ಗುಂಡಿ, ಪಠ್ಯಪೆಟ್ಟಿಗೆ ಮುಂತಾದವನ್ನು ಒಂದುಗೂಡಿಸಿ ಹಲವೆಡೆ ಮರುಬಳಸುವ ಘಟಕದಲ್ಲಿ, ಪರೀಕ್ಷಿಸಿ ನೋಡಬಹುದು.

ಎಎಸ್‌ಪಿ ಡಾಟ್‌ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಈ ಘಟಕವು ಸರ್ವರ್‌ನಲ್ಲಿ ಸಾಮಾನ್ಯವಾಗಿ ಬರಿಯ ಪಠ್ಯಕಡತವಾಗಿರುತ್ತದೆ. ಅದನ್ನು ಬಳಸುವ ಪುಟವನ್ನು ಯಾರಾದರೂ ಮೊದಲ ಬಾರಿ ಕೋರಿದಾಗ ವ್ಯವಸ್ಥೆಯು ಪಠ್ಯವನ್ನು ವಿಶ್ಲೇಷಿಸಿ, ಪ್ರೋಗ್ರಾಮರ್ ಬರೆದ ಕ್ಲಾಸಿನಿಂದ ಇನ್ನೊಂದು ಕ್ಲಾಸನ್ನು ತಾನೇ ಹುಟ್ಟಿಸಿ, ಕಂಪೈಲ್ ಮಾಡಿ, ಕಡತ ಬದಲಾಗುವವರೆಗೆ ಅದನ್ನೇ ಬಳಸುತ್ತದೆ. ಯಾರೂ ಬರೆಯದ ಈ ಕ್ಲಾಸು ನೈಯಾಯಿಕನಿಗೆ ಅನುಕೂಲ ಸಾಕ್ಷಿ.

2006ರಲ್ಲಿ ಬಂದ ಡಬ್ಲ್ಯೂಪಿಎಫ್ ಎಂಬ ಡೆಸ್ಕ್‌ಟಾಪ್ ಚೌಕಟ್ಟು ಸಾಂಖ್ಯನ ಪರ ನಿಲ್ಲುವಂತೆ ತೋರುತ್ತದೆ: ಇಲ್ಲಿ ಝ್ಯಾಮಲ್ ಭಾಷೆಯ ವಿನ್ಯಾಸವು ನಿರ್ಮಾಣದ ಹಂತದಲ್ಲೇ ಬ್ಯಾಮಲ್ ಎಂಬ ದ್ವಿಮಾನ ರೂಪ ತಾಳಿ ಅಸೆಂಬ್ಲಿಯೊಳಗೆ, ಅಂದರೆ ಕಂಪೈಲ್ ಆದ ಕಡತದೊಳಗೆ, ಸುಪ್ತವಾಗಿದ್ದು, ಇನಿಷಿಯಲೈಸ್ ಕಾಂಪೊನೆಂಟ್ ಎಂಬ ಮೆಥಡ್ ಕರೆದಾಗ ಗುಂಡಿ-ಪೆಟ್ಟಿಗೆಗಳ ವೃಕ್ಷವಾಗಿ ವ್ಯಕ್ತವಾಗುತ್ತದೆ. ವಿಂಡೋಸ್ ಫಾರ್ಮ್ಸ್‌ನಲ್ಲಿ ವಿನ್ಯಾಸವೇ ಸಾಧಾರಣ ಕೋಡ್ ಆಗಿರುವುದರಿಂದ ಚರ್ಚೆಗೆ ಹೆಚ್ಚಿನ ಅವಕಾಶವಿಲ್ಲ.

ಆದರೆ ಇಬ್ಬರ ವಾದವೂ ಉಪಾದಾನಕಾರಣವನ್ನು, ಅಂದರೆ ಬಟ್ಟೆಯಲ್ಲಿ ನೂಲಿನಂತೆ ಕಾರ್ಯದೊಳಗೇ ಉಳಿಯುವ ಕಾರಣವನ್ನು, ಕುರಿತದ್ದು. ವೆಬ್ ತಾಣವನ್ನು ಪೂರ್ಣವಾಗಿ ಮುಂಚಿತವಾಗಿಯೇ ಕಂಪೈಲ್ ಮಾಡಿದರೆ ಮೂಲ ಪಠ್ಯವು ಸರ್ವರ್‌ನಲ್ಲಿ ಇಲ್ಲದೆಯೂ ಘಟಕವು ಕೆಲಸ ಮಾಡುತ್ತದೆ; ನೂಲು ತೆಗೆದ ಮೇಲೆ ಬಟ್ಟೆ ಉಳಿಯದು. ಆದ್ದರಿಂದ ಪಠ್ಯವನ್ನು ಉಪಾದಾನವೆನ್ನುವುದಕ್ಕಿಂತ, ಕಂಪೈಲರ್‌ನೊಂದಿಗೆ ನಿಮಿತ್ತಕಾರಣಗಳ, ಅಂದರೆ ಕಾರ್ಯವನ್ನು ಉಂಟುಮಾಡಿಯೂ ಅದರೊಳಗೆ ಉಳಿಯದ ಕಾರಣಗಳ, ಸಾಲಿಗೆ ಸೇರಿಸುವುದೇ ಹೆಚ್ಚು ಯುಕ್ತವಾಗಿ ಕಾಣುತ್ತದೆ.