ಕಪ್ಪು ಮತ್ತು ಕಪ್ಪ

ನಾನು ಕ್ಷೌರಕ್ಕೆ ಹೋಗುವ ಅಂಗಡಿಯವನು ಕತ್ತರಿಯನ್ನು ಕೆಳಗಿಟ್ಟ ಮೇಲೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾನೆ: "ಮೇಷ್ಟ್ರೇ, ಈ ಸಲವೂ ಬಣ್ಣ ಬೇಡವಾ?" ಬೇಡ ಎನ್ನುತ್ತೇನೆ. ಅವನು ಕನ್ನಡಿಯಲ್ಲಿ ನನ್ನ ತಲೆಯನ್ನೊಮ್ಮೆ ನೋಡಿ, ಬೀಳುಬಿಟ್ಟ ಹೊಲವನ್ನು ಕಂಡ ರೈತನಂತೆ ನಿಟ್ಟುಸಿರಿಟ್ಟು, ಹೆಗಲ ಮೇಲಿನ ಬಟ್ಟೆಯನ್ನು ಕೊಡವುತ್ತಾನೆ. ಮೂರು ವರ್ಷ ನಾನು ಅವನ ಬಣ್ಣದ ಗಿರಾಕಿಯಾಗಿದ್ದೆ. ಬಿಟ್ಟು ಎರಡು ವರ್ಷವಾಯಿತು. ಬಿಟ್ಟದ್ದಕ್ಕಾಗಿ ಬಹಳ ದಿನ ನನ್ನೊಳಗೆ ಒಂದು ಸಣ್ಣ ಹೆಮ್ಮೆಯಿತ್ತು. ಆ ಹೆಮ್ಮೆ ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲು ಲೆಕ್ಕದ ಮಾತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಅದರ ಬಣ್ಣ ತಯಾರಾಗುವುದು ಚರ್ಮದೊಳಗೆ, ಬುಡದಲ್ಲಿ. ಹೊರಗೆ ಬಂದ ಎಳೆಗೆ ಜೀವವಿಲ್ಲ. ನಾವು ಬಳಿಯುವುದೆಲ್ಲ ಆ ಜೀವವಿಲ್ಲದ ಎಳೆಗೆ. ಬುಡದ ಕಾರ್ಖಾನೆ ಮಾತ್ರ ನಮ್ಮ ಮಾತು ಕೇಳದೆ ಬಿಳಿಯನ್ನೇ ಕಳುಹಿಸುತ್ತಿರುತ್ತದೆ. ಹೀಗಾಗಿ ಮೂರನೆಯ ವಾರಕ್ಕೆ ಬೈತಲೆಯ ಇಕ್ಕೆಲದಲ್ಲಿ ಸುಣ್ಣದ ಗೆರೆ ಎಳೆದಂತೆ ಕಾಣುತ್ತದೆ. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ. ನಲವತ್ತಕ್ಕೆ ಆರಂಭಿಸಿದ ನಾನು ಅರವತ್ತಕ್ಕೆ ನಿವೃತ್ತನಾಗುವವರೆಗೆ ಮುಂದುವರಿಸಿದ್ದರೆ 340 ಸಲ. ಅಂಗಡಿಯವನು ಸಲಕ್ಕೆ 300 ರೂಪಾಯಿ ತೆಗೆದುಕೊಳ್ಳುತ್ತಿದ್ದ. ದರ ಏರದೆ ನಿಂತರೂ 1,02,000 ರೂಪಾಯಿ. ಕಲಸುವುದು, ಹಚ್ಚುವುದು, ಹಿಡಿಯುವವರೆಗೆ ಕೂರುವುದು, ತೊಳೆಯುವುದು, ಇವಕ್ಕೆ ಒಂದೂವರೆ ಗಂಟೆಯಂತೆ 510 ಗಂಟೆ. ಎಂದರೆ 21 ಹಗಲು, 21 ರಾತ್ರಿ ತಲೆಗೆ ಕೆಸರು ಮೆತ್ತಿಕೊಂಡು ಸುಮ್ಮನೆ ಕುಳಿತಂತೆ! ದಿಂಬಿನ ಚೀಲಕ್ಕೂ ಬಿಳಿ ಅಂಗಿಯ ಕೊರಳಪಟ್ಟಿಗೂ ಹತ್ತಿದ ಕಲೆಗಳ ಲೆಕ್ಕ ನನ್ನ ಹೆಂಡತಿಯ ಬಳಿ ಇದೆ. ಅದನ್ನು ಇಲ್ಲಿ ಸೇರಿಸಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ದಣಿಸಿದ್ದು ಕಾವಲು. ಬಸ್ಸಿನಲ್ಲಿ ಸೀಟು ಸಿಕ್ಕರೆ, ಪಕ್ಕದಲ್ಲಿ ನಿಂತವರಿಗೆ ನನ್ನ ನೆತ್ತಿ ಕಾಣುತ್ತದಲ್ಲಾ ಎಂಬ ಅಳುಕು. ಮದುವೆಯ ಕರೆಯೋಲೆ ಬಂದರೆ ಮುಹೂರ್ತ ಎಷ್ಟು ಗಂಟೆಗೆ ಎಂದು ನೋಡುವುದಕ್ಕೆ ಮೊದಲು, ಆ ದಿನ ಬಣ್ಣದ ಎಷ್ಟನೆಯ ವಾರಕ್ಕೆ ಬೀಳುತ್ತದೆಂದು ಎಣಿಸುತ್ತಿದ್ದೆ. ಹಿಂದೆ ಸಾಮಂತರು ಚಕ್ರವರ್ತಿಗೆ ಕಪ್ಪ ಒಪ್ಪಿಸುತ್ತಿದ್ದರಂತೆ. ನಾನು ಮೂರು ವಾರಕ್ಕೊಮ್ಮೆ ಕಪ್ಪು ಒಪ್ಪಿಸುತ್ತಿದ್ದೆ. ಸಾಮಂತನಿಗೆ ತನ್ನ ಚಕ್ರವರ್ತಿ ಯಾರೆಂಬುದಾದರೂ ಗೊತ್ತಿತ್ತು. ನನಗೆ ಅದೂ ತಿಳಿದಿರಲಿಲ್ಲ.

ಹೀಗಿರುವಾಗ ಒಂದು ದಿನ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು ಪಾಠ ಮಾಡುತ್ತಿದ್ದೆ. 1209ರ ಆ ಕಾವ್ಯದಲ್ಲಿ ಉಜ್ಜಯಿನಿಯ ಅರಸ ಯಶೌಘ ಕನ್ನಡಿಯಲ್ಲಿ ನರೆಯನ್ನು ಕಂಡು, ಮಗನಿಗೆ ರಾಜ್ಯವನ್ನು ವಹಿಸಿ ತಪಸ್ಸಿಗೆ ನಡೆಯುತ್ತಾನೆ. ಮಾತು ಬೆಳೆದು ನಾನು ಜಾತಕ ಕಥೆಯ ಮಖಾದೇವನನ್ನೂ ಕರೆತಂದೆ. ಮಿಥಿಲೆಯ ಆ ದೊರೆ ತನ್ನ ನಾಪಿತನಿಗೆ, "ನನ್ನ ತಲೆಯಲ್ಲಿ ಬಿಳಿಗೂದಲು ಕಂಡ ದಿನ ನನಗೆ ತಿಳಿಸು" ಎಂದು ಹೇಳಿಟ್ಟಿದ್ದ. ಬಿಳಿಗೂದಲು ಕಂಡಿತು, ನಾಪಿತ ಅದನ್ನು ಚಿನ್ನದ ಚಿಮಟದಿಂದ ಕಿತ್ತು ದೊರೆಯ ಅಂಗೈಯಲ್ಲಿಟ್ಟ. ದೊರೆ ಅವನಿಗೊಂದು ಗ್ರಾಮವನ್ನೇ ಉಂಬಳಿ ಕೊಟ್ಟು ರಾಜ್ಯವನ್ನು ಬಿಟ್ಟ. ಕಾಳಿದಾಸನ 'ರಘುವಂಶ'ದ ಹನ್ನೆರಡನೆಯ ಸರ್ಗದಲ್ಲಂತೂ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿಗೇ ಬಂದು, ರಾಮನಿಗೆ ರಾಜ್ಯವನ್ನು ಕೊಡೆಂದು ಪಿಸುಗುಟ್ಟುತ್ತದೆ.

ನಾನು ಆವೇಶದಿಂದ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಆ ಕಾಲದಲ್ಲಿ ಹೇರ್ ಡೈ ಇರಲಿಲ್ವಾ?" ತರಗತಿ ನಕ್ಕಿತು. ನಕ್ಕವರೆಲ್ಲ ನೋಡಿದ್ದು ನನ್ನ ತಲೆಯನ್ನು. ಅಂದು ನನ್ನದು ಮೂರನೆಯ ವಾರ.

ಹುಡುಗನ ಪ್ರಶ್ನೆ ತಮಾಷೆಯದಾದರೂ ಉತ್ತರ ಇದೆ. ಬಣ್ಣ ಆಗಲೂ ಇತ್ತು. ಆರನೆಯ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯ ಗಂಧಯುಕ್ತಿ ಎಂಬ ಅಧ್ಯಾಯವನ್ನು ಶುರುಮಾಡುವುದೇ, ಬಿಳಿಗೂದಲಿನವನಿಗೆ ಹೂವು, ಗಂಧ, ವಸ್ತ್ರ, ಒಡವೆ ಯಾವುದೂ ಒಪ್ಪುವುದಿಲ್ಲ ಎಂಬ ಮಾತಿನಿಂದ. ಹಾರಕದ ಅಕ್ಕಿಯನ್ನು ಕಬ್ಬಿಣದ ಪುಡಿಯೊಡನೆ ಕಬ್ಬಿಣದ ಪಾತ್ರೆಯಲ್ಲಿ ಹುಳಿಹಾಕಿ ಬೇಯಿಸಿ, ಅರೆದು, ತಲೆಗೆ ಬಳಿದುಕೊಂಡು ಹಸಿ ಎಲೆಗಳನ್ನು ಸುತ್ತಿಕೊಂಡು ಕೂರಬೇಕೆಂದು ವಿಧಾನವನ್ನೂ ಹೇಳುತ್ತಾನೆ. ಯಶೌಘನೂ ನಮ್ಮವನೇ, ತಲೆಗೆ ಎಲೆ ಸುತ್ತಿಕೊಂಡು ಕುಳಿತ ನಾಗರಿಕನೂ ನಮ್ಮವನೇ. ಆದರೆ ಅಂದು ನಾನು ತರಗತಿಯಲ್ಲಿ ಈ ಎರಡನೆಯವನ ಮಾತೆತ್ತಲಿಲ್ಲ. ಮನೆಗೆ ಬಂದವನೇ, ಇನ್ನು ಬಣ್ಣ ಹಚ್ಚುವುದಿಲ್ಲವೆಂದು ಪ್ರತಿಜ್ಞೆ ಮಾಡಿದೆ. ಇರುವುದನ್ನು ಇರುವಂತೆ ತೋರಿಸುವುದೇ ಸತ್ಯ. ತಲೆಯಿಂದಲೇ ಅದು ಆರಂಭವಾಗಲಿ!

ಆರು ತಿಂಗಳಲ್ಲಿ ತಲೆ ಬೆಳ್ಳಗಾಯಿತು. ಫಲವೂ ಬೇಗ ದೊರೆಯಿತು. ನಂಟರ ಮದುವೆಯೊಂದರಲ್ಲಿ, "ಈಗ ನೋಡಿ, ಮೇಷ್ಟ್ರ ಕಳೆ ಬಂತು" ಎಂದು ಹಿರಿಯರೊಬ್ಬರು ಮೆಚ್ಚಿದರು. ಅದೇ ಮದುವೆಗೆ ನನ್ನ ಹೆಂಡತಿಯೂ ಬಂದಿದ್ದಳು. ಜ್ವರದಿಂದ ಎದ್ದ ಹೊಸತು. ಒಂದು ಸಲದ ಬಣ್ಣ ತಪ್ಪಿತ್ತು. ನನ್ನನ್ನು ಹೊಗಳಿದ ಹಿರಿಯರ ಮನೆಯವರೇ ಅವಳ ಕೈ ಹಿಡಿದು, "ಯಾಕಮ್ಮಾ, ಹೀಗಾಗಿಬಿಟ್ಟೆ? ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ಕನಿಕರಿಸಿದರು. ಮರುದಿನ ಬೆಳಗ್ಗೆ ಅವಳು ಒಂದೂ ಮಾತಾಡದೆ ಬಟ್ಟಲಲ್ಲಿ ಬಣ್ಣ ಕಲಸಿದಳು. ಆ ಬಟ್ಟಲನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

ನಮ್ಮದು ಖಾಸಗಿ ಆಡಳಿತದ ಕಾಲೇಜು. ನಾನು ಅನುದಾನಿತ ಹುದ್ದೆಯಲ್ಲಿದ್ದೇನೆ. ತಿಂಗಳು ತಪ್ಪದೆ ಸಂಬಳ ಬರುತ್ತದೆ. ನಮ್ಮ ವಿಭಾಗದಲ್ಲೇ ಇನ್ನೊಬ್ಬರಿದ್ದಾರೆ. ನನಗಿಂತ ನಾಲ್ಕು ವರ್ಷ ದೊಡ್ಡವರು, ಪಂಪನನ್ನು ನನಗಿಂತ ಚೆನ್ನಾಗಿ ಬಲ್ಲವರು. ಅವರ ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ. ಹದಿನಾಲ್ಕು ವರ್ಷಗಳಿಂದ ಪ್ರತಿ ಜೂನಿನಲ್ಲೂ ಹೊಸಬರಂತೆ ಅರ್ಜಿ ಹಾಕಿ ಸಂದರ್ಶನಕ್ಕೆ ಕೂರುತ್ತಾರೆ. ವಯಸ್ಸಿನಲ್ಲಿ ಹಿರಿಯರಾದರೂ ನನ್ನನ್ನು 'ಸಾರ್' ಎನ್ನುತ್ತಾರೆ. ಒಂದು ದಿನ ಅವರ ಹಣೆಯ ಅಂಚಿನಲ್ಲಿ ಕಪ್ಪು ಗೆರೆಯೊಂದು ಉಳಿದಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರ ಮುಂದೆ ನಾನು, "ಏನ್ರೀ, ಮಸಿಕುಡಿಕೆಯೊಳಗೆ ತಲೆ ಇಟ್ಟಿದ್ದಿರೋ ಹೇಗೆ? ನನ್ನ ಹಾಗೆ ಬಿಟ್ಟುಬಿಡಿ, ಹಾಯಾಗಿರಿ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು.

ಸಂಜೆ ಬಸ್ ನಿಲ್ದಾಣದಲ್ಲಿ ಇಬ್ಬರೇ ನಿಂತಿದ್ದಾಗ ಅವರು ಮೆಲ್ಲಗೆ ಹೇಳಿದರು: "ಸಾರ್, ನಿಮ್ಮ ತಲೆ ಬೆಳ್ಳಗಾದರೆ ಅನುಭವ ಅಂತಾರೆ. ನನ್ನದಾದರೆ ವಯಸ್ಸಾಯ್ತು ಅಂತಾರೆ. ಜೂನ್ ಬರುತ್ತಲ್ಲ." ಆಮೇಲೆ ಕಿವಿಯನ್ನು ಬಾಗಿಸಿ ಹಿಂಭಾಗವನ್ನು ತೋರಿಸಿದರು. ಚರ್ಮ ಕೆಂಪಗೆ ಊದಿ ಅಲ್ಲಲ್ಲಿ ನೀರಾಡುತ್ತಿತ್ತು. ಕಪ್ಪು ಬಣ್ಣದಲ್ಲಿರುವ ಪ್ಯಾರಾ-ಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕ ಅವರ ಮೈಗೆ ಒಗ್ಗುವುದಿಲ್ಲವೆಂದು, ಹಚ್ಚುವುದನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳಿದ್ದರಂತೆ. ಬರಿಯ ಗೋರಂಟಿ ಹಚ್ಚಿ ನೋಡಿದರೆ ತಲೆ ಕೆಂಪಗಾಗಿ ಹುಡುಗರು ನಕ್ಕರಂತೆ. ಈಗ ಹಚ್ಚಿದ ಮೇಲೆ ಎರಡು ದಿನ ತುರಿಕೆಗೆ ಮಾತ್ರೆ ನುಂಗುತ್ತಾರೆ. ನನ್ನ ಬಸ್ಸು ಬಂತು. ಹತ್ತಿದೆ. ಕ್ಷಮಿಸಿ ಎನ್ನುವುದಕ್ಕೂ ತೋಚಲಿಲ್ಲ.

ಕಳೆದ ಜೂನಿನ ಸಂದರ್ಶನದಲ್ಲಿ ವಿಭಾಗದ ಪರವಾಗಿ ನಾನೂ ಮೇಜಿನ ಈಚೆ ಕುಳಿತಿದ್ದೆ. ಅಭ್ಯರ್ಥಿಗಳು ಬರುವ ಮೊದಲು ಆಡಳಿತ ಮಂಡಳಿಯ ಹಿರಿಯರೊಬ್ಬರು, "ವಯಸ್ಸಾದವರು ಬೇಡ. ಹುಡುಗರ ಜೊತೆ ಬೆರೆಯುವಂಥವರು ಬೇಕು. ಏನಂತೀರಿ ಮೇಷ್ಟ್ರೇ?" ಎಂದರು. ಎಪ್ಪತ್ತು ದಾಟಿದ ಅವರ ತಲೆ ಕಾಡಿಗೆಯಷ್ಟು ಕಪ್ಪಗಿತ್ತು. ಕಪ್ಪವನ್ನು ಪಡೆಯುವ ಚಕ್ರವರ್ತಿ ಇವರೇ ಇರಬಹುದೆಂದು ನೋಡಿದರೆ, ಇವರೂ ಇನ್ನಾರಿಗೋ ಒಪ್ಪಿಸುತ್ತಿದ್ದಾರೆ! ಅದನ್ನು ಕಂಡು ಮನಸ್ಸಿನಲ್ಲೇ ನಗುವಷ್ಟು ಜಾಣತನ ನನಗಿತ್ತು. "ಹದಿನಾಲ್ಕು ವರ್ಷ ಪಾಠ ಹೇಳಿದವರು ನಮ್ಮಲ್ಲಿದ್ದಾರೆ, ಅವರ ವಯಸ್ಸು ವಿಭಾಗದ ಆಸ್ತಿ" ಎಂಬ ಒಂದು ವಾಕ್ಯವನ್ನು ಆಡುವಷ್ಟು ಧೈರ್ಯ ಇರಲಿಲ್ಲ. ಕಡತದ ಹಾಳೆ ತಿರುವಿದೆ. ನನ್ನ ಬಿಳಿಯ ತಲೆ ತಾನಾಗಿಯೇ ಆಡಿತೆಂದು ಕಾಣುತ್ತದೆ. ಅವರು, "ಸರಿ, ಮೇಷ್ಟ್ರೂ ಒಪ್ಪಿದರು" ಎಂದರು. ಆಮೇಲೆ ನನ್ನ ಸಹೋದ್ಯೋಗಿ ಒಳಗೆ ಬಂದರು. ತಲೆ ಅಚ್ಚ ಕಪ್ಪಗಿತ್ತು. ನಾಲ್ಕು ಪ್ರಶ್ನೆ ಕೇಳಿ ಇನ್ನೊಂದು ವರ್ಷಕ್ಕೆ ಮುಂದುವರಿಸಿದರು.

ಅಂದಿನಿಂದ ನನ್ನ ಹೆಮ್ಮೆ ಇಳಿದಿದೆ. ಅವರ ಆ ಬಣ್ಣ ಸುಳ್ಳೇ? ಅರ್ಜಿಯಲ್ಲಿ ಹುಟ್ಟಿದ ದಿನಾಂಕವನ್ನು ಅವರು ಸರಿಯಾಗಿಯೇ ಬರೆದಿದ್ದರು. ಅದನ್ನು ಯಾರೂ ಓದಲಿಲ್ಲ, ತಲೆಯನ್ನು ನೋಡಿದರು. ಸುಳ್ಳನ್ನು ಬೇಡಿದವರು ಮೇಜಿನ ಈಚೆ ಇದ್ದೆವು, ಅದರ ಬೆಲೆ ತೆತ್ತವರು ಆಚೆ ಇದ್ದರು. ಇನ್ನು ನನ್ನ ಸತ್ಯ? ಅದಕ್ಕಾಗಿ ನಾನು ತೆತ್ತದ್ದೇನೂ ಇಲ್ಲ. ಬದಲಿಗೆ ಸಲಕ್ಕೆ 300 ರೂಪಾಯಿ ಉಳಿಸಿಕೊಂಡಿದ್ದೆ. ಯಶೌಘ ನರೆಯ ಮಾತಿಗೆ ಕಿವಿಗೊಟ್ಟದ್ದು ದೊಡ್ಡದೇ. ಆದರೆ ಅವನಿಗೆ ಬಿಟ್ಟುಕೊಡಲು ರಾಜ್ಯವಿತ್ತು, ಪಡೆಯಲು ಬೆಳೆದ ಮಗನಿದ್ದ. ಇನ್ನೂ ಕೈಗೇ ಬಾರದ್ದನ್ನು ಬಿಟ್ಟುಕೊಡು ಎಂದು ನರೆ ಬಂದು ಪಿಸುಗುಟ್ಟಿದರೆ ಮನುಷ್ಯ ಏನು ಮಾಡಬೇಕು? ಅದರ ಬಾಯಿಗೆ ಕಪ್ಪು ಬಳಿಯುತ್ತಾನೆ.

ನಾನು ಮತ್ತೆ ಬಣ್ಣ ಹಚ್ಚಲು ಹೊರಟಿಲ್ಲ. ಅದರಿಂದ ಯಾರಿಗೂ ಉಪಕಾರವಿಲ್ಲ. ಆದರೆ ಹಚ್ಚಿಕೊಂಡವರನ್ನು ನೋಡಿ ನಗುವುದನ್ನು ಬಿಟ್ಟಿದ್ದೇನೆ. ನಿಲ್ದಾಣದಲ್ಲಿ ಆಡಬೇಕಾಗಿದ್ದ ಮಾತನ್ನು ತಡವಾಗಿಯಾದರೂ ಅವರ ಮನೆಗೆ ಹೋಗಿ ಆಡಿ ಬಂದೆ. ಅವರು, "ಅಯ್ಯೋ, ಬಿಡಿ ಸಾರ್" ಎಂದು ಕಾಫಿ ಕೊಟ್ಟರು. ಕಿವಿಯ ಹಿಂದಿನ ಗಾಯ ಇನ್ನೂ ಮಾಗಿರಲಿಲ್ಲ. ಬರುವ ಜೂನಿನಲ್ಲಿ ಆ ಮೇಜಿನ ಬಳಿ ಮತ್ತೆ ನನ್ನನ್ನು ಕೂರಿಸಿದರೆ, ಆಡದೆ ಉಳಿದ ಆ ಒಂದು ವಾಕ್ಯವನ್ನು ಆಡಲೇಬೇಕು. ಅಲ್ಲಿಯವರೆಗೆ ಯಾರಾದರೂ ನನ್ನ ಬಿಳಿಯ ತಲೆಯನ್ನು ಹೊಗಳಿದರೆ ನಾನು ಮಾತು ಬದಲಿಸುತ್ತೇನೆ.