ಸಂಜೆ ಐದರ ಕೂಲಿ

ಕ್ರೈಸ್ತ ದಯೆಯ ಮಾತು ಬಂದರೆ ಸಮಾರ್ಯದವನ ಕಥೆ ತಾನಾಗಿ ಮುಂದೆ ಬರುತ್ತದೆ. ಕಳ್ಳರ ಕೈಗೆ ಸಿಕ್ಕು ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿ ಛತ್ರ ಸೇರಿಸಿದವನು. ದೊಡ್ಡ ಕಥೆಯೇ. ಆದರೆ ದರೋಡೆಗೆ ಸಿಕ್ಕವರು ನಮಗೆ ದಿನಾ ಎದುರಾಗುವುದಿಲ್ಲ, ಕೂಲಿಯವರು ಎದುರಾಗುತ್ತಾರೆ. ಹಾಗಾಗಿ ನನಗೆ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕಥೆಯೇ ಹತ್ತಿರ. ಅದನ್ನು ಓದುವುದಕ್ಕೆ ಕಾರ್ಖಾನೆಗಳ ವಸಂತನರಸಾಪುರದಂಥ ಜಾಗ ನಮ್ಮ ತುಮಕೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ತೋಟದ ಯಜಮಾನ ಬೆಳಗಿನ ಜಾವ ಪೇಟೆಗೆ ಹೋಗಿ, ದಿನಗೂಲಿ ಇಷ್ಟೆಂದು ಮಾತಾಡಿ ಆಳು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇದ್ದಾರೆ. ಯಾಕೆಂದು ಕೇಳಿದರೆ, ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ಎಲ್ಲರ ಕೈಗೂ ಪೂರ್ತಿ ದಿನದ ಕೂಲಿ, ಅದೂ ಕೊನೆಗೆ ಬಂದವರಿಗೆ ಮೊದಲು. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ.

ಇದೇ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನರಿಗಳು 1830ರ ದಶಕದಲ್ಲೇ ಬಂದು ನೆಲೆಯೂರಿದವರು. ಆಗ ಅವರಿಂದ ಈ ಕಥೆ ಕೇಳಿದ ರೈತರಿಗೆ ಯಜಮಾನ ತುಸು ತಲೆಕೆಟ್ಟವನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇಂದು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೂ ಅವನು ಹಾಗೇ ಕಾಣುತ್ತಾನೆ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದ ಊರು ಇದು. ಇಂಥ ಕಡೆ ಗುತ್ತಿಗೆ ಆಳಿನ ಬೆಳಗು ಗೇಟಿನ ಮುಂದೆ ಶುರುವಾಗುತ್ತದೆ. ಟಿಫಿನ್ ಡಬ್ಬಿ ಹಿಡಿದು ನಿಂತವರನ್ನು ಕಂಟ್ರಾಕ್ಟರ್ ಕಡೆಯವನು ತಲೆ ಎಣಿಸಿ ಒಳಗೆ ಬಿಡುತ್ತಾನೆ. ಇವತ್ತಿಗೆ ಇಷ್ಟು ಸಾಕು ಎಂದರೆ ಉಳಿದವರು ವಾಪಸ್. ಬಸ್ ಚಾರ್ಜು ಅವರದೇ, ಮನೆಯಲ್ಲಿ ಕಾಯುವ ಹೊಟ್ಟೆಗಳೂ ಅವರವೇ. ಕೆಲಸ ಸಿಗದ ದಿನ ಹಸಿವು ರಜೆ ಹಾಕುವುದಿಲ್ಲ. ಕಥೆಯ ಯಜಮಾನನ ಲೆಕ್ಕ ಅಷ್ಟೇ: ಒಂದು ತಾಸಿನ ಕೆಲಸಕ್ಕೆ ಒಂದು ತಾಸಿನ ಕೂಲಿ ಕೊಟ್ಟರೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಇದನ್ನು ದಯೆ ಎಂದು ಹೊಗಳುವವರು ಕಥೆಯ ಇನ್ನೊಂದು ಸಂಗತಿಯನ್ನು ಹಾರಿಸಿಬಿಡುತ್ತಾರೆ. ಮೊದಲು ಬಂದವರಿಗೆ ಮಾತಾಡಿದ ಕೂಲಿಯಲ್ಲಿ ಕಾಸೂ ಕಡಿಮೆಯಾಗಿಲ್ಲ. ಅವರದನ್ನು ಮುರಿದು ಇವರಿಗೆ ಕೊಟ್ಟಿದ್ದರೆ ಅದು ಊರ ಕೋಳಿ ಕೊಯ್ದು ನೆಂಟರಿಗೆ ಬಡಿಸಿದಂತೆ. ಯಜಮಾನ ಕೊಟ್ಟದ್ದು ತನ್ನ ಗಂಟಿನಿಂದ. ನನ್ನ ವಾದವೂ ಇಲ್ಲೇ ನಿಂತಿದೆ: ಕೊಡಬೇಕಾದದ್ದನ್ನು ಕೊಟ್ಟು ಮುಗಿಸುವ ತನಕ ದಯೆಯ ಲೆಕ್ಕ ಶುರುವಾಗುವುದೇ ಇಲ್ಲ. ಪಿ.ಎಫ್. ಕಟ್ಟದೆ ಕ್ರಿಸ್‌ಮಸ್‌ಗೆ ಕೇಕು, ಆಯುಧಪೂಜೆಗೆ ಸ್ವೀಟ್ ಬಾಕ್ಸು ಹಂಚುವವನು ಬಾಕಿದಾರನೇ ಹೊರತು ದಾನಿಯಲ್ಲ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ, ದೊಡ್ಡ ಕಾರ್ಖಾನೆಯಾದರೆ 10ರೊಳಗೆ ಕೊಡಬೇಕೆಂದು 1936ರಲ್ಲೇ ಕಾಯ್ದೆ ಬಂತು. ಬೈಬಲ್ ಇನ್ನೂ ಬಿಗಿ. ಬಡ ಕೂಲಿಯವನ ಹಣ ಆ ದಿನದ ಹೊತ್ತು ಮುಳುಗುವ ಮೊದಲೇ ಸಲ್ಲಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಮನೆಗೆಲಸದವಳಿಗೆ ಹಳೆ ಸೀರೆ ಕೊಟ್ಟು ಸಂಬಳ ಮುಂದಿನ ವಾರ ಎನ್ನುವ ನಾವೆಲ್ಲ ಇದನ್ನು ಓದಬೇಕು.

ಹಾಗಾದರೆ ಕಾನೂನು ಪಾಲಿಸಿದರೆ ಸಾಕೇ? ಸಾಲದು. ಕಾನೂನು ಗೇಟಿನ ಒಳಗಿರುವವನನ್ನು ಕಾಯುತ್ತದೆ. ಹೊರಗೆ ಉಳಿದವನು ಅದರ ಹಾಜರಿ ಪುಸ್ತಕದಲ್ಲಿಲ್ಲ. ಯಜಮಾನ ಮತ್ತೆ ಮತ್ತೆ ಪೇಟೆಗೆ ಹೋದದ್ದು ಅವನಿಗಾಗಿ. ಆ ಓಡಾಟವೇ ನನಗೆ ಕೂಲಿಗಿಂತ ದೊಡ್ಡದಾಗಿ ಕಾಣುತ್ತದೆ. ಮನಸ್ಸು ಕರಗುವ ತನಕ ಕಾಯದೆ, ದಿನದ ಕೆಲಸವೆಂಬಂತೆ ಎದ್ದು ಹೋಗಿ ನೋಡುವುದು.

ಈ ಕಥೆಯಿಂದಲೇ ಹೆಸರು ಪಡೆದ, ಇಂಗ್ಲಿಷ್ ಲೇಖಕ ರಸ್ಕಿನ್‌ನ ಪುಸ್ತಕವನ್ನು ಗಾಂಧಿ 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ, ಆಮೇಲೆ ‘ಸರ್ವೋದಯ’ ಎಂದು ಗುಜರಾತಿಗೆ ಇಳಿಸಿದರು. ಇಂಥ ದೊಡ್ಡವರನ್ನು ಮುಟ್ಟಿದ ಕಥೆಯಾದರೂ ಒಂದು ಆಕ್ಷೇಪ ಉಳಿದೇ ಇದೆ: ಹೀಗೆ ಕೊಟ್ಟರೆ ನಾಳೆ ಬೆಳಗ್ಗೆ ಯಾರು ಬರುತ್ತಾರೆ, ಎಲ್ಲರೂ ಸಂಜೆಯೇ ಬರುವುದಿಲ್ಲವೇ? ಕಥೆ ಉತ್ತರಿಸುವುದಿಲ್ಲ. ಹೆಚ್ಚಿನವರು ಬೆಳಗ್ಗೆಯೇ ಬರುತ್ತಾರೆಂದು ನಾನು ಭಾವಿಸುತ್ತೇನೆ. ಕರೆಯುತ್ತಾರೋ ಇಲ್ಲವೋ ಎಂದು ಇಡೀ ದಿನ ನಿಂತು ಕಾಯುವುದು ಕೆಲಸಕ್ಕಿಂತ ಕಷ್ಟ.